ಒಂದು ಜಿಪಿಯು, ಎರಡು ವಿಂಡೋಸ್, 128 ಎಂಬಿ ಜಗಳ

ನನ್ನದು 8ನೇ ತಲೆಮಾರಿನ ಇಂಟೆಲ್ ಐ5 ಇರುವ ಹಳೇ ಡೆಸ್ಕ್‌ಟಾಪ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಜಿಪಿಯು (ಪರದೆಗೆ ಚಿತ್ರ ಮೂಡಿಸುವ ಭಾಗ) ಒಂದೇ. ಅದರ ಲಿನಕ್ಸ್ ಮೇಲೆ ಕೆವಿಎಂನಲ್ಲಿ (ಒಂದೇ ಮಶೀನಿನೊಳಗೆ ವಿಎಂ ಎಂಬ ವರ್ಚುವಲ್ ಕಂಪ್ಯೂಟರ್‌ಗಳನ್ನು ಓಡಿಸುವ ಸೌಲಭ್ಯ) ಎರಡು ವಿಂಡೋಸ್ ಓಡಿಸಬೇಕಿತ್ತು. ಒಂದು ನನಗೆ, ಇನ್ನೊಂದು ಹೆಂಡತಿಯ ಡ್ರಾಯಿಂಗ್ ಕೆಲಸಕ್ಕೆ. ವಿಎಂಗೆ ಜಿಪಿಯು ಸಿಗದೆ ಅವಳು ನಕ್ಷೆ ಜೂಮ್ ಮಾಡಿದರೆ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು. ಪಾಸ್‌ಥ್ರೂ ಮಾಡಿದರೆ, ಅಂದರೆ ನೇರವಾಗಿ ಒಪ್ಪಿಸಿಬಿಟ್ಟರೆ, ಇಡೀ ಜಿಪಿಯು ಒಂದೇ ವಿಎಂ ಪಾಲು.

ಹಾಗಾಗಿ ಜಿವಿಟಿ-ಜಿ ಹಿಡಿದೆ, ಒಂದೇ ಜಿಪಿಯುವನ್ನು ಹಲವು ವಿಎಂಗೆ ಹಂಚುವ ಇಂಟೆಲ್ ತಂತ್ರ. ಇದು ಲಿನಕ್ಸ್ ಕರ್ನಲ್‌ನಲ್ಲೇ 4.10ರಿಂದ ಇದೆ. ಜಿಪಿಯು ಸಮಯವನ್ನು ಸರದಿಯಲ್ಲಿ ಹಂಚುತ್ತದೆ, ಗ್ರಾಫಿಕ್ಸ್ ಮೆಮೊರಿಯಲ್ಲಿ ಪ್ರತಿ ವಿಎಂಗೂ ಅದರದ್ದೇ ತುಂಡು ಕೊಡುತ್ತದೆ. ಬೂಟ್ ಸಾಲಿಗೆ ಐ915.ಎನೇಬಲ್_ಜಿವಿಟಿ=1 ಸೇರಿಸಿ, ಕೆವಿಎಂಜಿಟಿ ಮಾಡ್ಯೂಲ್ ಲೋಡ್ ಮಾಡಿದರೆ ಸಾಕು. ಇಲ್ಲಿವರೆಗೆ ಅರ್ಧ ಗಂಟೆ.

ವಿ5_4 ಮಾದರಿಯ (ಜಿವಿಟಿ-ಜಿ ಕೊಡುವ ಗಾತ್ರಗಳಲ್ಲಿ ಒಂದು) ಒಂದು ತುಂಡು ಮಾಡಿ ನನ್ನ ವಿಎಂಗೆ ಕೊಟ್ಟೆ. ಎರಡನೆಯದಕ್ಕೆ ಹೋದರೆ, ಇನ್ನೆಷ್ಟು ತುಂಡು ಸಿಗುತ್ತವೆ ಎಂದು ಹೇಳುವ 'ಅವೈಲಬಲ್_ಇನ್‌ಸ್ಟನ್ಸಸ್' ಫೈಲಿನಲ್ಲಿ ಬರೀ 0. ಡ್ರೈವರ್ ಬದಲಿಸಿದೆ, ರ್‍ಯಾಮ್ ಹೆಚ್ಚಿಸಿದೆ, ಎಲ್ಲಾ ಸುಮ್ನೆ. ಎರಡು ರಾತ್ರಿ ಹೋಯಿತು.

ಅಡ್ಡಿ ಇದ್ದದ್ದು ಅಪರ್ಚರ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಸಿಪಿಯು ನೇರವಾಗಿ ಮುಟ್ಟಬಲ್ಲ ಭಾಗದಲ್ಲಿ. ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ಅದು 256 ಎಂಬಿ. ಅದರಲ್ಲಿ 128 ಹೋಸ್ಟ್‌ಗೇ, ಅಂದರೆ ಹೊರಗಿನ ಲಿನಕ್ಸ್‌ಗೇ, ಬೇಕು. ವಿ5_4ಗೂ 128. ಅಲ್ಲಿಗೆ ಖಾಲಿ! ವಿ5_8 ತುಂಡಿಗೆ 64 ಸಾಕು, ಎರಡು ಹಿಡಿಯುತ್ತವೆ. ಆದರೆ ಪರದೆ 1024x768 ದಾಟಲ್ಲ. ಅದನ್ನೂ ಕೊಟ್ಟು ನೋಡಿದೆ. "ಟೂಲ್‌ಬಾರೇ ಅರ್ಧ ಪರದೆ ತಿಂತು, ನಕ್ಷೆ ಎಲ್ಲಿ ಬಿಡಿಸ್ಲಿ?" ಅಂದಳು. ನ್ಯಾಯವೇ ಅಲ್ವಾ.

ಕೊನೆಗೆ ಬಯಾಸ್‌ನಲ್ಲಿ ಅಪರ್ಚರ್ 512 ಮಾಡಿದೆ. ವಿ5_4 ಮೂರು ಸಿಕ್ಕವು, 1920x1200 ಪರದೆಯ ಸಮೇತ. ಎಲ್ಲ ಬೋರ್ಡ್‌ಗಳಲ್ಲೂ ಈ ಆಯ್ಕೆ ಇರಲ್ಲ, ಮೊದಲು ಅದನ್ನೇ ನೋಡಿಕೊಳ್ಳಿ.

ಮಾರನೇ ದಿನ ಕರೆಂಟ್ ಹೋಗಿ ಬಂತು, ಎರಡೂ ವಿಎಂ ಏಳಲಿಲ್ಲ. ಮಾಡಿಟ್ಟ ತುಂಡುಗಳು ರೀಬೂಟ್ ಆದರೆ ಅಳಿಸಿಹೋಗುತ್ತವೆ. ಈ ತುಂಡುಗಳನ್ನು ನೋಡಿಕೊಳ್ಳುವ ಟೂಲ್ ಎಂಡೆವ್‌ಸಿಟಿಎಲ್‌ನಲ್ಲಿ ಅವನ್ನು ಆಟೋಸ್ಟಾರ್ಟ್‌ಗೆ ಹಾಕಿದ ಮೇಲೆ ಆ ಕಾಟ ತಪ್ಪಿತು.

ಒಳಗೆ ಓಡುವುದು ಲಿನಕ್ಸ್ ಆದರೆ ಇಷ್ಟೆಲ್ಲ ಬೇಡ, ವರ್ಟಿಯೋ-ಜಿಪಿಯು ಎಂಬ ವರ್ಚುವಲ್ ಕಾರ್ಡ್ ಜೊತೆ, 3ಡಿ ಕೆಲಸವನ್ನು ಹೋಸ್ಟ್‌ಗೆ ದಾಟಿಸುವ ವರ್ಜಿಎಲ್ ಸಾಕು. ಹೊಸ ಮಶೀನ್ ಇರುವವರಿಗೂ ಈ ದಾರಿ ಇಲ್ಲ. ಜಿವಿಟಿ-ಜಿ 10ನೇ ತಲೆಮಾರಿಗೇ ನಿಂತಿದೆ, 12ರಿಂದ ಎಸ್‌ಆರ್-ಐಒವಿ (ಹಾರ್ಡ್‌ವೇರ್ ಮಟ್ಟದಲ್ಲೇ ಹಂಚುವ ವಿಧಾನ) ಬೇಕು. ನನ್ನ ಹಳೇ ಡಬ್ಬದಲ್ಲಿ ನಾನು ವಿಡಿಯೊ ಹಾಕಿದಾಗ ಅವಳ ನಕ್ಷೆ ಈಗಲೂ ಸ್ವಲ್ಪ ತಡವರಿಸುತ್ತದೆ. ಆಗ ಪಕ್ಕದ ಕೋಣೆಯಿಂದ ಕೂಗು ಬರುತ್ತದೆ.