ಕಾನ್‌ಸ್ಟೇಬಲ್‌ನ 'ದಿ ಹೇ ವೇನ್' ಚಿತ್ರ ನೋಡೋದು ಹೇಗೆ?

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಮುಗಿಸಿದ ಈ ಪೇಂಟಿಂಗ್ (ಹೆಸರಿನ ಅರ್ಥ 'ಹುಲ್ಲಿನ ಗಾಡಿ') ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅಗಲ ಸುಮಾರು 185 ಸೆಂಟಿಮೀಟರ್, ಅದಕ್ಕೇ ಮೊದ್ಲು ದೂರ ನಿಂತ್ಕೊಂಡು ಬರೀ ಆಕಾಶ ನೋಡಿ. ಮೋಡದ ನೆರಳು ಎಲ್ಲಿದೆ, ಬಿಸಿಲು ಎಲ್ಲಿದೆ ಅಂತ ಹುಡುಕ್ತಾ ಹೋದ್ರೆ ಕಣ್ಣು ತಾನಾಗೇ ಬಲಗಡೆ ದೂರದ ಹುಲ್ಲುಗಾವಲಿಗೆ ಹೋಗುತ್ತೆ, ಅಲ್ಲಿ ಹುಲ್ಲು ಕೊಯ್ಯೋ ಜನ ಚುಕ್ಕಿ ಥರ ಕಾಣ್ತಾರೆ, ತುಂಬಾ ಜನ ಇದನ್ನ ಮಿಸ್ ಮಾಡ್ತಾರೆ.

ಆಮೇಲೆ ಹತ್ರ ಬನ್ನಿ. ಸ್ಟೌರ್ ನದಿ ನೀರಲ್ಲಿ ಖಾಲಿ ಗಾಡಿ ಇದೆ ನೋಡಿ, ಆ ಕುದುರೆಗಳ ಮೈಮೇಲಿರೋ ಸ್ವಲ್ಪೇ ಸ್ವಲ್ಪ ಕೆಂಪು ಬಣ್ಣ ಸುತ್ತಲಿನ ಹಸಿರನ್ನೆಲ್ಲ ಎಷ್ಟು ಜೀವಂತ ಮಾಡುತ್ತೆ ಅಂದ್ರೆ, ಅದನ್ನ ಬೆರಳಲ್ಲಿ ಮರೆಮಾಡಿ ನೋಡಿ, ಇಡೀ ಚಿತ್ರ ಸಪ್ಪೆ ಅನ್ಸುತ್ತೆ! ನೀರಿನ ಮೇಲಿನ ಬಿಳಿ ಚುಕ್ಕೆಗಳನ್ನೂ ಬಿಡ್ಬೇಡಿ.

ಎಡಗಡೆ ಮನೆ ವಿಲ್ಲಿ ಲಾಟ್ ಅನ್ನೋ ರೈತಂದು, ಇಂಗ್ಲೆಂಡಿನ ಫ್ಲಾಟ್‌ಫರ್ಡ್ ಅನ್ನೋ ಊರಲ್ಲಿ ಈಗ್ಲೂ ಇದೆ. ಪಕ್ಕದ ಗಿರಣಿ ಕಲಾವಿದನ ಅಪ್ಪಂದೇ, ಅದಕ್ಕೇ ಈ ಜಾಗದ ಮೇಲೆ ಅಷ್ಟು ಪ್ರೀತಿ. ಆದ್ರೆ ಚಿತ್ರ ಬರೆದಿದ್ದು ಲಂಡನ್ ಸ್ಟುಡಿಯೋದಲ್ಲಿ, ಹಳೇ ಸ್ಕೆಚ್‌ಗಳನ್ನ ಇಟ್ಕೊಂಡು.

ಟೈಮ್ ಇದ್ರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರೋ ಇದರದ್ದೇ ದೊಡ್ಡ ಆಯಿಲ್ ಸ್ಕೆಚ್ (ಎಣ್ಣೆ ಬಣ್ಣದಲ್ಲಿ ಬರೆದ ಕರಡು ಚಿತ್ರ) ಜೊತೆ ಹೋಲಿಸಿ, ಅದ್ರಲ್ಲಿ ಬ್ರಷ್ ಓಡಿರೋ ಸ್ಪೀಡ್ ಚೆನ್ನಾಗಿ ಗೊತ್ತಾಗುತ್ತೆ.