ಕಂಪನಿ ಕಾರ್ಯಕ್ರಮಕ್ಕೆ ಫೋಟೋಗ್ರಾಫರ್ ಬೇಕಾ? ಮೊದಲು ಪೂರ್ತಿ ಆಲ್ಬಂ ಕೇಳಿ

ಮದುವೆ ಫೋಟೋ ಚೆನ್ನಾಗಿ ತೆಗೆಯುತ್ತಾರೆ ಅಂತ ಕಂಪನಿ ಕಾರ್ಯಕ್ರಮಕ್ಕೂ ಅವರನ್ನೇ ಕರೆದುಬಿಡಬೇಡಿ. ಮದುವೆಯಲ್ಲಿ "ಇನ್ನೊಂದ್ಸಲ ಈ ಕಡೆ ನೋಡಿ" ಅನ್ನಬಹುದು. ವೇದಿಕೆ ಮೇಲೆ ಪ್ರಶಸ್ತಿ ಕೈ ಬದಲಾಗುವುದು ಮೂರು ನಾಲ್ಕು ಸೆಕೆಂಡು ಅಷ್ಟೇ, ತಪ್ಪಿದರೆ ತಪ್ಪಿತು.

ನಮ್ಮ ಆಫೀಸಿನಲ್ಲಿ ನಿವೃತ್ತಿಯಾಗುತ್ತಿದ್ದ ಹಿರಿಯರೊಬ್ಬರಿಗೆ ಸನ್ಮಾನ ಇತ್ತು. ಆಮೇಲೆ ಬಂದ ನೂರಾರು ಫೋಟೋಗಳಲ್ಲಿ ಅವರದ್ದು ಇದ್ದದ್ದು ಎರಡೇ. ಒಂದರಲ್ಲಿ ಮೈಕ್ ಅರ್ಧ ಮುಖ ಮುಚ್ಚಿತ್ತು, ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದರು. ಅವರು ಯಾರು ಅಂತ ಫೋಟೋಗ್ರಾಫರ್‌ಗೆ ಗೊತ್ತಿರಲಿಲ್ಲ, ನಾವೂ ಹೇಳಿರಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಹಾಗಾಗಿ ಇನ್‌ಸ್ಟಾಗ್ರಾಂನ ಹತ್ತು ಚೆಂದದ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ಯಾವುದಾದರೂ ಒಂದೇ ಕಾರ್ಯಕ್ರಮದ, ಗಿರಾಕಿಗೆ ಕೊಟ್ಟ ಪೂರ್ತಿ ಆಲ್ಬಂ ತೋರಿಸಿ ಅನ್ನಿ. ಅದರಲ್ಲಿ ವೇದಿಕೆ ಫೋಟೋಗಳನ್ನೇ ಹುಡುಕಿ ನೋಡಿ. ಮಾತಾಡುವವರ ಮುಖ ನೇರಳೆ ಬಣ್ಣಕ್ಕೆ ತಿರುಗಿದೆಯಾ? ಹಿಂದಿನ ಎಲ್ಇಡಿ ಪರದೆಯಲ್ಲಿ ಅಡ್ಡ ಪಟ್ಟಿಗಳು ಬಂದಿವೆಯಾ? ಪರದೆ ನಮ್ಮ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತಿರುತ್ತದೆ, ಕ್ಯಾಮೆರಾದ ಶಟರ್ ವೇಗ (ಒಂದು ಫೋಟೋಗೆ ಬೆಳಕು ಒಳಗೆ ಬಿಡುವ ಹೊತ್ತು) ಅದಕ್ಕೆ ಹೊಂದದಿದ್ದರೆ ಈ ಪಟ್ಟಿ ಬರುತ್ತದೆ. ಅನುಭವ ಇರುವವರು ಮುಂಚೆಯೇ ಬಂದು ಪರದೆ ಆನ್ ಮಾಡಿಸಿ ಒಂದೆರಡು ಫೋಟೋ ತೆಗೆದು ನೋಡಿಕೊಳ್ಳುತ್ತಾರೆ. ಕತ್ತಲ ಹಾಲ್‌ನಲ್ಲಿ ಫ್ಲ್ಯಾಷ್ ಇಲ್ಲದೆ ಹೇಗೆ ತೆಗೆಯುತ್ತೀರಿ ಅಂತಲೂ ಕೇಳಿ. 70-200 ಎಂಎಂ ಎಫ್2.8 ತರಹದ, ಅಂದರೆ ದೂರದ್ದನ್ನು ಹತ್ತಿರಕ್ಕೆ ತರುವ, ಕಡಿಮೆ ಬೆಳಕಿನಲ್ಲೂ ಕೆಲಸಕ್ಕೆ ಬರುವ ಜೂಮ್ ಲೆನ್ಸ್ ಇದ್ದರೆ ದೂರ ನಿಂತೇ, ಯಾರಿಗೂ ಅಡ್ಡ ಬರದೆ ಮುಖ ಹಿಡಿಯಬಹುದು. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಿ ಎರಡರಲ್ಲೂ ಫೋಟೋ ಉಳಿಸುವವರಾದರೆ ಇನ್ನೂ ನಿಶ್ಚಿಂತೆ.

ಒಂದೇ ಹೊತ್ತಿಗೆ ಎರಡು ಹಾಲ್‌ನಲ್ಲಿ ಕಾರ್ಯಕ್ರಮ ಇದ್ದರೆ ಇಬ್ಬರು ಬೇಕು. ಇದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ.

ರೇಟ್ ಮಾತಾಡುವಾಗ ಎಲ್ಲವನ್ನೂ ಬರೆದಿಟ್ಟುಕೊಳ್ಳಿ: ಎಷ್ಟು ಗಂಟೆ, ಜಾಸ್ತಿ ಹೊತ್ತಾದರೆ ಎಷ್ಟು, ಅಡ್ವಾನ್ಸ್ ಎಷ್ಟು, ಅವರಿಗೆ ಹುಷಾರಿಲ್ಲದಿದ್ದರೆ ಯಾರು ಬರುತ್ತಾರೆ, ಫೋಟೋಗಳನ್ನು ಜಾಹೀರಾತಿಗೂ ಬಳಸಬಹುದಾ, ಅವರು ತಮ್ಮ ಪೇಜಿನಲ್ಲಿ ಹಾಕಿಕೊಳ್ಳಬಹುದಾ. ಅದೇ ದಿನ ಸಂಜೆ ಲಿಂಕ್ಡ್‌ಇನ್‌ಗೆ ಹಾಕೋಕೆ ಹತ್ತು ಹದಿನೈದು ಫೋಟೋ ಬೇಕಿದ್ದರೆ ಈಗಲೇ ಹೇಳಿ, ಮಿಕ್ಕಿದ್ದು ಯಾವ ದಿನಕ್ಕೆ ಅಂತ ತಾರೀಖು ಹಾಕಿಸಿ. ದೊಡ್ಡ ಫೈಲ್ ಕೇಳುವುದನ್ನು ಮರೆಯಬೇಡಿ. 12x8 ಇಂಚಿಗೆ ಚೆನ್ನಾಗಿ ಪ್ರಿಂಟ್ ಬರಬೇಕಾದರೆ ಸುಮಾರು 3600x2400 ಪಿಕ್ಸೆಲ್ ಬೇಕು, ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅಷ್ಟು ಉಳಿಯುವುದಿಲ್ಲ.

ಕಾರ್ಯಕ್ರಮದ ದಿನ ಎಲ್ಲರ ಮುಖ ಗೊತ್ತಿರುವ ಒಬ್ಬ ಸಹೋದ್ಯೋಗಿಯನ್ನು ಫೋಟೋಗ್ರಾಫರ್ ಜೊತೆಗೇ ಬಿಡಿ. ನನ್ನ ಪ್ರಕಾರ ದುಬಾರಿ ಕ್ಯಾಮೆರಾಗಿಂತ ಇದು ಮುಖ್ಯ. ಈಗ ಬರುವವರು ಯಾರು, ಯಾರಿಗೆ ಫೋಟೋ ಇಷ್ಟವಿಲ್ಲ, ಯಾವ ಸ್ಲೈಡ್ ಹೊರಗೆ ಹೋಗಬಾರದು, ಎಲ್ಲವನ್ನೂ ಅವರು ಪಕ್ಕದಲ್ಲಿ ನಿಂತು ಹೇಳಬೇಕು. ಪ್ರಶಸ್ತಿ ಕೊಡುವವರಿಗೂ ಒಂದು ಮಾತು ಹೇಳಿಡಿ, ಕೈಯಲ್ಲಿ ಹಿಡಿದು ಎರಡು ಕ್ಷಣ ಕ್ಯಾಮೆರಾ ಕಡೆ ನೋಡಿ ಅಂತ. ಗ್ರೂಪ್ ಫೋಟೋ ಊಟಕ್ಕೆ ಮೊದಲೇ ಆಗಲಿ. ಊಟಕ್ಕೆ ಎದ್ದ ಮೇಲೆ ಎಲ್ಲರನ್ನೂ ಮತ್ತೆ ಒಂದೆಡೆ ಸೇರಿಸೋದು ಯಾರಿಂದಲೂ ಆಗಲ್ಲ.