ಹಾವಿನ ಮದ್ದು, ಹೆರಿಗೆ ಕೋಣೆ ಮತ್ತು ನನ್ನ ಬೈಬಲ್ ಪಾಠ

ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ತುಂಬಾ ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಭಾನುವಾರ ಮಧ್ಯಾಹ್ನ ನಮ್ಮ ಕ್ರೈಸ್ತ ಸಭೆಯ ಹತ್ತು ಹನ್ನೆರಡು ಜನ ಒಂದು ಮನೆಯಲ್ಲಿ ಸೇರುತ್ತೇವೆ. ಅಡಿಕೆ ತೋಟದ ಕೆಲಸದವರೇ ಜಾಸ್ತಿ. ಪಾಠ ಹೇಳುವ ಜವಾಬ್ದಾರಿ ನನ್ನದು. ರಕ್ಷಣೆ ಅಂದರೇನು, ಹೊಸದಾಗಿ ಹುಟ್ಟುವುದು ಅಂದರೇನು ಅಂತ ಇವರಿಗೆ ಹೇಳಲು ನಾನು ದಾರಿ ಕಂಡುಕೊಂಡ ಬಗೆ ಇದು.

ಮೊದಮೊದಲು "ನಾವೆಲ್ಲರೂ ಪಾಪಿಗಳು" ಅಂತಲೇ ಶುರು ಮಾಡುತ್ತಿದ್ದೆ. ಒಂದು ದಿನ ವಯಸ್ಸಾದ ಒಬ್ಬ ಅಮ್ಮ ಕೇಳಿದರು: "ನಾನು ಯಾರ ಮನೆ ಹಾಳು ಮಾಡಿದೀನಿ ಸಿಸ್ಟರ್? ಕದ್ದಿಲ್ಲ, ಯಾರಿಗೂ ಕೆಟ್ಟದ್ದು ಬಯಸಿಲ್ಲ." ಅದು ನಿಜ. ಅವರಷ್ಟು ಒಳ್ಳೆಯವರನ್ನು ನಾನು ನೋಡಿದ್ದು ಕಡಿಮೆ. ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ ಸಿಕ್ಕಿದ್ದು ಡ್ಯೂಟಿಯಲ್ಲಿ. ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುವಾಗ ಕೊಳಕುಮಂಡಲ ಕಚ್ಚಿದ ಒಬ್ಬರನ್ನು ಕರೆತಂದರು. ಕಾಲು ಸ್ವಲ್ಪ ಊದಿತ್ತು, ಅಷ್ಟೇ. "ನಂಗೇನೂ ಆಗಿಲ್ಲ, ಮನೆಯವರು ಸುಮ್ನೆ ಹೆದರಿದಾರೆ" ಅಂದರು. ನಾವು 2 ಎಂಎಲ್ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟೆವು. ವಿಷ ಇಲ್ಲದ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಟ್ಯೂಬ್ ವಾಲಿಸಿದಾಗ ಇವರದ್ದು ನೀರಿನ ಹಾಗೆ ಹರಿಯಿತು. ಕಣ್ಣಿಗೆ ಎಲ್ಲರ ರಕ್ತದಂತೆ ಕೆಂಪಾಗಿಯೇ ಇತ್ತು.

ಆ ಟ್ಯೂಬ್ ಕೈಯಲ್ಲಿ ಹಿಡಿದು ನಿಂತಾಗ ಆ ಅಮ್ಮನ ಪ್ರಶ್ನೆ ನೆನಪಾಯಿತು. ಪಾಪ ಅಂದರೆ ತಪ್ಪುಗಳ ಪಟ್ಟಿ ಅಂತ ನಾನೇ ಪಾಠ ಮಾಡುತ್ತಿದ್ದೆ ಅಲ್ವಾ? ಅದು ರಕ್ತದಲ್ಲಿ ಸೇರಿಕೊಂಡ ವಿಷ ಅಂತ ಹೇಳಬೇಕಿತ್ತು. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ರಾತ್ರಿ ಮಲಗಿದವರಿಗೆ ಬೆಳಿಗ್ಗೆ ಕಣ್ಣಿನ ರೆಪ್ಪೆ ಎತ್ತಲು ಆಗದಿದ್ದಾಗಲೇ ಗೊತ್ತಾಗುವುದು. ಹತ್ತು ಆಜ್ಞೆಗಳೂ ಆ ಗಾಜಿನ ಟ್ಯೂಬಿನ ಹಾಗೆ. ವಿಷ ಇದೆ ಅಂತ ತೋರಿಸುತ್ತವೆ. ಆದರೆ ಟ್ಯೂಬನ್ನು ಎಷ್ಟು ಹೊತ್ತು ನೋಡುತ್ತಾ ಕೂತರೂ ವಿಷ ಇಳಿಯುವುದಿಲ್ಲ. ಹಗ್ಗ ಬಿಗಿದು ಕಟ್ಟುವುದು, ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ನಾವೇ ಮಾಡಿಕೊಳ್ಳುವ ಇಂಥ ಉಪಾಯಗಳಿಂದ ಕೆಡುಕೇ ಜಾಸ್ತಿ.

ಇನ್ನು ಮದ್ದಿನ ವಿಷಯ. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತ ಆ ವಿಷವನ್ನು ಎದುರಿಸಿ ಗೆಲ್ಲುತ್ತದೆ. ಗೆದ್ದ ಆ ರಕ್ತದಿಂದಲೇ ನಮ್ಮ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ತಯಾರಾಗುತ್ತದೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಶುರು ಮಾಡಿದ ದಾರಿ ಇದು. ನಮ್ಮ ಪರವಾಗಿ ಇನ್ನೊಬ್ಬರ ಮೈಗೆ ವಿಷ ಹೋಗಬೇಕು, ಅವರ ರಕ್ತದಿಂದ ನಮಗೆ ಜೀವ ಬರಬೇಕು. ಶಿಲುಬೆಯ ಬಗ್ಗೆ ನಮ್ಮ ಜನರಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಮತ್ತೊಂದು ವಿಷಯ. ಈ ಮದ್ದನ್ನು ತೂಕ ನೋಡಿ ಕೊಡುವುದಿಲ್ಲ. ಆರು ಅಡಿ ಗಂಡಸಿಗೆ 10 ವಯಲ್ (ಮದ್ದಿನ ಪುಟ್ಟ ಬಾಟಲಿ) ಆದರೆ ಪುಟ್ಟ ಮಗುವಿಗೂ 10 ವಯಲ್. ಹಾವು ಆಳು ನೋಡಿ ವಿಷ ಅಳೆಯುವುದಿಲ್ಲವಲ್ಲ. ಇದನ್ನು ಹೇಳಿದ ದಿನ ಆ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ನಂಗೂ ಅಷ್ಟೇ ಬೇಕು" ಅಂದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ವಾರ್ಡಿನಲ್ಲಿ ನಾನು ಯಾವತ್ತೂ ಎತ್ತಿಲ್ಲ. ಮಂಚದ ಮೇಲೆ ಹೆದರಿ ಮಲಗಿದವರಿಗೆ ಮದ್ದು ಕೊಡಬೇಕು, ಧೈರ್ಯ ಹೇಳಬೇಕು. ಪಾಠ ಅಲ್ಲಿನದಲ್ಲ.

ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗ ಕೇಳಿದ: "ಕುದುರೆ ಸತ್ತು ಹೋಗುತ್ತಾ ಸಿಸ್ಟರ್?" ಇಲ್ಲ ಅಂದೆ. "ಮತ್ತೆ ಯೇಸುಸ್ವಾಮಿ ಯಾಕೆ ಸತ್ರು?" ನನಗೆ ತಕ್ಷಣ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆ, ಕುದುರೆಗೆ ಕೊಡುವುದು ಅದು ತಡೆದುಕೊಳ್ಳುವಷ್ಟು ಮಾತ್ರ. ಯೇಸುಸ್ವಾಮಿ ಅಷ್ಟನ್ನೂ ತೆಗೆದುಕೊಂಡರು. ಕುದುರೆಯನ್ನು ಯಾರೂ ಕೇಳುವುದಿಲ್ಲ, ಅವರು ತಾವಾಗಿಯೇ ಒಪ್ಪಿದರು. ಹೋಲಿಕೆ ಎಲ್ಲಿ ನಿಲ್ಲುತ್ತದೆ ಅಂತ ಅಂದಿನಿಂದ ನಾನೇ ಮೊದಲು ಹೇಳುತ್ತೇನೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಮದ್ದು ಕೊಟ್ಟರೆ ಮನುಷ್ಯ ಉಳಿಯುತ್ತಾನೆ, ಸರಿ. ಆದರೆ ಅದೇ ಹಳೆಯ ಮನುಷ್ಯನಾಗಿ ಮನೆಗೆ ಹೋಗುತ್ತಾನೆ. ಹೊಸ ಹುಟ್ಟು ಎಲ್ಲಿ ಬಂತು? ಬೈಬಲ್‌ನಲ್ಲಿ ಯೋಹಾನನ ಸುವಾರ್ತೆಯ 3ನೇ ಅಧ್ಯಾಯ ಮತ್ತೆ ಓದಿದೆ. ರಾತ್ರಿ ಹೊತ್ತು ಬಂದ ನಿಕೊದೇಮ ಎಂಬ ಯೆಹೂದ್ಯರ ಹಿರಿಯನಿಗೆ ಯೇಸು ಮೊದಲು ಹೇಳಿದ್ದು ಹುಟ್ಟಿನ ಮಾತು. ಮೋಶೆ ಅಡವಿಯಲ್ಲಿ ಎತ್ತಿ ನಿಲ್ಲಿಸಿದ, ಹಾವು ಕಚ್ಚಿದವರು ನೋಡಿ ಬದುಕಿದ ತಾಮ್ರದ ಸರ್ಪದ ಮಾತು ಬರುವುದು ಆಮೇಲೆ, 14ನೇ ವಚನದಲ್ಲಿ. ಹಾವೂ ಹೆರಿಗೆಯೂ ಒಂದೇ ಅಧ್ಯಾಯದಲ್ಲಿದ್ದವು. ನಾನು ಅರ್ಧ ಮಾತ್ರ ಹೇಳುತ್ತಿದ್ದೆ.

ಹೆರಿಗೆ ಕೋಣೆಯಲ್ಲೂ ನಾನು ಕೆಲಸ ಮಾಡಿದವಳೇ. ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಜೀವ ಬರುವುದು ಹೊಕ್ಕುಳ ಬಳ್ಳಿಯಿಂದ. ಹುಟ್ಟಿ ಮೊದಲ ಉಸಿರು ಎಳೆದ ಕೂಡಲೇ ರಕ್ತ ಹರಿಯುವ ದಾರಿಯೇ ಬದಲಾಗುತ್ತದೆ, ಹೃದಯದೊಳಗಿನ ಒಂದು ಕಿಂಡಿ ಮುಚ್ಚಿಕೊಳ್ಳುತ್ತದೆ. ಮಗು ಅದೇ, ಆದರೆ ಬದುಕುವ ಬಗೆ ಪೂರ್ತಿ ಬೇರೆ. ಗಾಳಿಗೂ ಆತ್ಮಕ್ಕೂ ಗ್ರೀಕ್ ಭಾಷೆಯಲ್ಲಿ ಇರುವುದು ಒಂದೇ ಪದ. ಆತ್ಮದಿಂದ ಹುಟ್ಟಿದವರು ಬೀಸುವ ಗಾಳಿಯ ಹಾಗೆ ಅಂತ ಯೇಸು ನಿಕೊದೇಮನಿಗೆ ಯಾಕೆ ಹೇಳಿದರು ಅಂತ ನನಗೆ ಅರ್ಥವಾಗಿದ್ದು ಆಗ.

ಇದನ್ನು ಹೇಳಿ ಮುಗಿಸಿದೆ. ಆ ಅಮ್ಮ ಹಿಂದೆ ಊರಲ್ಲಿ ಸೂಲಗಿತ್ತಿಯಾಗಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. "ಒಂದು ಬಿಟ್ರಿ ಸಿಸ್ಟರ್" ಅಂದರು. "ಹುಟ್ಟೋದು ಮಗುವಿನ ಕೆಲಸ ಅಲ್ಲ. ನೋವೆಲ್ಲ ತಾಯಿದು."

ಆ ಮಾತನ್ನು ನನ್ನ ಬೈಬಲ್‌ನಲ್ಲಿ ಆ ಅಧ್ಯಾಯದ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಈಗ ಪಾಠ ಅಲ್ಲಿಂದಲೇ ಶುರು ಮಾಡುತ್ತೇನೆ, ಹಾವಿನ ಕಥೆ ಆಮೇಲೆ.